ಗೀನಜ್ಜಿಯ ನೆರಳಿನ ಅಳತೆ

ಗೀನಜ್ಜಿ ಸಾಯಲೆಂದು ಮಲಗಿ ಮೂವತ್ತೆಂಟು ದಿನವಾಗಿತ್ತು. ನಲವತ್ತನೆಯ ದಿನ ನನ್ನ ಮದುವೆ. ಮನೆಯಲ್ಲಿ ಸಾವಾದರೆ ವರ್ಷವಿಡೀ ಮದುವೆಯ ಮಾತೆತ್ತುವಂತಿಲ್ಲ.

ತಪ್ಪು ದೆಂಚೋನದು. ನನ್ನನ್ನು ಮದುವೆಯಾಗುವವನು, ಗಾರೆ ಕೆಲಸದವನು. ಬೆಟ್ಟದ ಮೇಲಿನ ಕೋಟೆಯಲ್ಲಿ ಕುಸಿದ ಗೋಡೆ ಕಟ್ಟುತ್ತಿದ್ದ. ಆ ಗೋಡೆ ನಿಲ್ಲಲೆಂದು ಹಿಂದೊಮ್ಮೆ ಮೇಸ್ತ್ರಿಯೊಬ್ಬ ಊಟ ತಂದ ಹೆಂಡತಿಯನ್ನೇ ಜೀವಂತ ಒಳಗಿಟ್ಟು ಕಟ್ಟಿದನಂತೆ. ಗಾಳಿ ಬೀಸಿದರೆ ಅವಳು ಈಗಲೂ ಜೋಗುಳ ಗುನುಗುತ್ತಾಳೆ. ಆಮೇಲಿನ ಮೇಸ್ತ್ರಿಗಳಿಗೆ ಸ್ವಲ್ಪ ಕರುಣೆಯಿತ್ತು: ದಾರಿಹೋಕರ ನೆರಳನ್ನು ನೂಲಿನಿಂದ ಅಳೆದು, ನೂಲನ್ನಷ್ಟೇ ಕಲ್ಲಿನಡಿ ಇಡುತ್ತಿದ್ದರು. ನೆರಳಿನವರು ನಲವತ್ತು ದಿನಗಳಲ್ಲಿ ಸತ್ತು ಗೋಡೆ ಕಾಯುವ ದೆವ್ವವಾಗುತ್ತಿದ್ದರು.

ದೆಂಚೋ ನೂಲು ಹಿಡಿದು ಅಳೆದದ್ದು ಗೋಡೆಯ ಬಿರುಕನ್ನು. ಆದರೆ ಬೀನ್ಸ್ ಕಾಳಿನ ಸಾರು ಹಿಡಿದು ಬಂದ ಅಜ್ಜಿಯ ನೆರಳು ಅಲ್ಲೇ ಬಿದ್ದಿತ್ತು. ಆ ದಡ್ಡ, ನೂಲನ್ನು ಕಲ್ಲಿನಡಿಯೇ ಮರೆತ.

“ಕಲ್ಲು ಕಿತ್ತು ನೂಲು ತೆಗಿಯೋ,” ಎಂದೆ.

“ಗೋಡೆಯೆಲ್ಲಾ ಅದರ ಮೇಲೇ ನಿಂತಿದೆ ಕಣೇ. ಕಿತ್ರೆ ನಿಮ್ಮಜ್ಜಿ ಹಿಂದೇನೇ ನಾನೂ ಹೋಗ್ತೀನಿ.”

“ಬೇಡಪ್ಪಾ,” ಎಂದಳು ಅಜ್ಜಿ ಹಾಸಿಗೆಯಿಂದಲೇ. “ದೆವ್ವ ಆದ್ಮೇಲೂ ನಿನ್ನ ಮುಖ ನೋಡ್ಬೇಕಾ ನಾನು?”

“ಬೇರೆ ದಾರಿನೇ ಇಲ್ವಾ ಅಜ್ಜಿ?” ಎಂದು ಕೇಳಿದೆ.

“ಇದೆ. ಕೊನೇಲಿ ಯಾರ ನೆರಳು ಅಳೆದ್ರೋ ಅವ್ರನ್ನ ಗೋಡೆ ತಗೊಳತ್ತೆ. ಯಾರನ್ನ ಅಳೀತೀಯಾ? ಪಾದ್ರಿನಾ?”

“ಎಲ್ಲರನ್ನೂ! ಮದುವೇಲಿ ಕೈ ಕೈ ಹಿಡಿದು ಸಾಲಾಗಿ ಹೋರೋ ಕುಣಿತ ಕುಣಿಯೋವಾಗ ಎಲ್ಲರ ನೆರಳೂ ಒಂದೇ ಅಲ್ವಾ?”

ಅಜ್ಜಿ ಮೊಣಕೈ ಊರಿ ಹಾಸಿಗೆಯಲ್ಲಿ ಎದ್ದು ಕೂತಳು.

“ಅಷ್ಟುದ್ದದ ನೆರಳು ಗೋಡೆ ಗಂಟಲಲ್ಲಿ ಇಳಿಯಲ್ಲ ಬಿಡು. ಸಾಲಿನ ಮುಂದೆ ಯಾರು?”

“ಕೀರಾ ಚಿಕ್ಕಮ್ಮ.”

“ಕೀರಾನಾ? ಅವಳಿಗೆ ಎಡಗಾಲು ಬಲಗಾಲೇ ಗೊತ್ತಿಲ್ಲ! ತಗೊಂಡ್ ಬಾರೇ ನನ್ನ ಕೆಂಪು ಸೊಂಟಪಟ್ಟಿ.”

ಮದುವೆಯ ದಿನ, ಇಳಿಬಿಸಿಲಲ್ಲಿ, ಕೋಟೆಯಂಗಳದಲ್ಲಿ ಅರವತ್ತಮೂರು ಜನ ಕೈಹಿಡಿದು ಕುಣಿದೆವು. ಕರವಸ್ತ್ರ ಬೀಸುತ್ತ ಮುಂದೆ ಅಜ್ಜಿ. ಬಾಲದಲ್ಲಿ ಪಾದ್ರಿ, ಓಡಿಹೋಗದಂತೆ ಕೀರಾ ಅವರ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ನೂಲಿನುಂಡೆ ಬಿಚ್ಚುತ್ತ ಮದುಮಗ ನೆರಳಿನುದ್ದಕ್ಕೂ ಬಗ್ಗಿ ಓಡಿದ.

“ಸ್ವಲ್ಪ ಅಲ್ಲಾಡ್ದೇ ನಿಲ್ರೋ!” ಎಂದು ಕಿರುಚಿದ. ಚೀಲವಾದ್ಯ ಊದುವವನಿಗೆ ಕೇಳಿಸಲೇ ಇಲ್ಲ.

ಪಾದ್ರಿಗಿಂತ ಮೂರು ಜನ ಮೊದಲೇ ನೂಲು ಮುಗಿಯಿತು. ಅಜ್ಜಿ ಒಂಟಿಕಾಲಲ್ಲಿ ಕುಣಿಯುತ್ತಲೇ ಉಣ್ಣೆಯ ಕಾಲುಚೀಲ ಕಳಚಿ ಎಸೆದಳು.

“ಇದನ್ನ ಬಿಚ್ಕೊಳೋ ಪೆದ್ದೇ!”

ಅಷ್ಟನ್ನೂ ಗೋಡೆಯ ಬಿರುಕಿಗೆ ತುರುಕಿ ಗಾರೆ ಮೆತ್ತಿದ. ಗಾಳಿ ಬೀಸಿತು. ಗೋಡೆಯೊಳಗಿನವಳು ಜೋಗುಳ ಬಿಟ್ಟು ನಮ್ಮ ಕುಣಿತದ ಹಾಡು ಹಿಡಿದಳು. ನನ್ನ ಕಿವಿಯಾರೆ ಕೇಳಿದೆ.

ನಲವತ್ತೊಂದನೆಯ ದಿನ ಬೆಳಿಗ್ಗೆ ಯಾರೋ ನಮ್ಮ ಕೋಣೆಯ ಬಾಗಿಲು ಬಡಿದರು. ತೆರೆದರೆ, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡ ಗೀನಜ್ಜಿ.

“ಇನ್ನೂ ಮಲಗಿದೀರಾ? ಸಾಯೋಳೇ ಎದ್ದಾಯ್ತು!”