ಭಾವನ ಸಾಲನ್ನು ಬಿಟ್ಟು

ನಮ್ಮ ಆಸ್ಪತ್ರೆಗೆ ಬಂದ ಕಿಡ್ನಿ ಯಾರಿಗೆ ಸಿಗಬೇಕೆಂದು ಡೇಟಾಬೇಸ್ ಹೇಳುತ್ತದೆ ಎಂದೇ ಎಲ್ಲರ ನಂಬಿಕೆ. ಅದನ್ನು ನೋಡಿಕೊಳ್ಳುವ ನನಗೆ ಗೊತ್ತು, ಅದಕ್ಕೆ ಏನೂ ತಿಳಿಯದು. ಅದು ಒಬ್ಬೊಬ್ಬ ರೋಗಿಯ ವಿವರದ ಸಾಲನ್ನೂ ಎತ್ತಿ, ಕೋಡ್ ಲೈಬ್ರರಿ ಎಂಬ ಹೊರಗಿನ ಒಂದು ಪ್ರೋಗ್ರಾಮಿಗೆ ಕೊಡುತ್ತದೆ. ಲೈಬ್ರರಿ ಒಂದು ಅಂಕ ಹೇಳುತ್ತದೆ, ಇದು ಬರೆದುಕೊಳ್ಳುತ್ತದೆ. ಲೈಬ್ರರಿಯ ಒಳಗಿನ ಲೆಕ್ಕ ಯಾರಿಗೂ ಕಾಣದು. ಅದನ್ನು ಬರೆದವರನ್ನು ಕಚೇರಿಯಲ್ಲಿ ಮೌನಿ ಎನ್ನುತ್ತಿದ್ದರು. ತಿದ್ದಲು ಬೇಕಾದ ಮೂಲ ಕೋಡ್ ಅವರ ಕಂಪ್ಯೂಟರಿನಲ್ಲಷ್ಟೇ ಇತ್ತು. ಅವರಿಗೆ ಪಾರ್ಶ್ವವಾಯು ಬಡಿದ ಮೇಲೆ ಯಾರೋ ಅದನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ಬೇರೆಯವರಿಗೆ ಕೊಟ್ಟರು.

ಆ ಬೆಳಿಗ್ಗೆ ಒಂದು ಕಿಡ್ನಿ ಬಂತು. ಸಂಜೆಯೊಳಗೆ ಜೋಡಿಸಬೇಕು. ಪಟ್ಟಿ ಓಡಿಸಿದೆ. ಕಿಡ್ನಿಗೆ ಕಾಯುತ್ತಿದ್ದ ನನ್ನ ಅಕ್ಕನ ಗಂಡನ ಸಾಲು ಬಂದದ್ದೇ ಲೈಬ್ರರಿ ಕುಸಿಯಿತು, ಅದರ ಜೊತೆ ಡೇಟಾಬೇಸೂ ಮಲಗಿತು. ಆಸ್ಪತ್ರೆಯ ಪರದೆಗಳೆಲ್ಲ ನಿಂತುಹೋದವು.

"ನಿನ್ನ ಭಾವ ಮನೇಲೂ ಹೀಗೇನಾ? ಅವರೊಬ್ಬರು ಕೂತರೆ ಇಡೀ ಬೆಂಚೇ ಮುರಿಯುತ್ತಾ?" ಎಂದರು ಮೇಲಧಿಕಾರಿ. ಕಾರಣ ಹೇಳಿದ ಮೇಲೆ ಅವರು ನಗಲಿಲ್ಲ.

ಬೇರೆಯವರ ಅಂಗವನ್ನು ಹೊರದಬ್ಬುವ ಪ್ರತಿಕಾಯಗಳು ಭಾವನ ರಕ್ತದಲ್ಲಿ ವಿಪರೀತ. ಅವುಗಳ ಹೆಸರಿಗೆಂದು ಮೌನಿ ಲೈಬ್ರರಿಯಲ್ಲಿ ಇಟ್ಟ ಜಾಗ ಚಿಕ್ಕದೆಂದು ಪರದೆಯ ಮೇಲಿನ ದೋಷಸಂದೇಶ ಹೇಳುತ್ತಿತ್ತು. ಹೊಸ ರಕ್ತಪರೀಕ್ಷೆಯ ಹೆಸರುಗಳು ಆ ಜಾಗ ಮೀರಿ ಚೆಲ್ಲಿದ್ದವು. ಇಷ್ಟೊಂದನ್ನು ಹೊತ್ತ ಮನುಷ್ಯ ಬದುಕಿದ್ದು ಸರದಿಗೆ ಬಂದಾನೆಂದು ಅವರು ಎಣಿಸಿರಲಿಲ್ಲ.

"ಕೆಲವು ಹೆಸರು ತೆಗೆದು ಕೊಟ್ಟರೆ?" ಎಂದೆ.

"ಕಿಡ್ನಿ ಹೊಂದುತ್ತೆ ಅಂತ ಲೈಬ್ರರಿ ಅನ್ನುತ್ತಪ್ಪ," ಎಂದರು ಪರದೆ ನಿಂತದ್ದೇಕೆಂದು ಕೇಳಲು ಬಂದಿದ್ದ ವಾರ್ಡಿನ ಹಿರಿಯ ನರ್ಸ್. "ದೇಹ ಅನ್ನಬೇಕಲ್ಲ."

"ಹಾಗಾದ್ರೆ ಕೈಲೇ ಲೆಕ್ಕ ಹಾಕೋಣ ಸರ್," ಎಂದು ಮೇಲಧಿಕಾರಿಯತ್ತ ತಿರುಗಿದೆ.

"ಭಾವನ ಲೆಕ್ಕ ಭಾಮೈದ ಹಾಕೋದಾ? ಅಂಗ ಹಂಚಿಕೆ ಸಮಿತಿಯವರು ನಮ್ಮಿಬ್ಬರನ್ನೂ ಮನೆಗೆ ಕಳಿಸ್ತಾರೆ. ಯಾರ ಕೈಯೂ ಸೋಕಬಾರದು ಅಂತಾನೇ ಈ ಲೈಬ್ರರಿ ಮಾಡಿಸಿದ್ದು."

ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಮೌನಿಯ ಮನೆಗೆ ಓಡಿದೆ. ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಮೂಲ ಕೋಡಿನ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ಕೇಳಿದೆ. ಅವರಿಗೆ ಎಲ್ಲ ಅರ್ಥವಾಯಿತೆಂದು ಕಣ್ಣು ಹೇಳುತ್ತಿತ್ತು.

"ಮೊದಲೂ ಮಾತಾಡ್ತಿರಲಿಲ್ಲ, ಬೇಡ ಅಂತ," ಎಂದರು ಅವರ ಹೆಂಡತಿ. "ಈಗ ಬೇಕು, ಬರಲ್ಲ."

ಅವರು ಎಡಗೈಯನ್ನು ಕಷ್ಟಪಟ್ಟು ಎತ್ತಿ ಕೀಲಿಮಣೆಯ ಮೇಲಿಟ್ಟರು. ಬೆರಳು ಒಂದು ಕೀಲಿಯ ಮೇಲೆ ಬಿತ್ತು, ಮತ್ತೆ ಏಳಲಿಲ್ಲ. ಅದೇ ಅಕ್ಷರ ಪರದೆಯ ತುಂಬ ಹರಿಯಿತು. ನಾನು ಕಾದೆ. ಕೊನೆಗೆ ಹೆಂಡತಿಯೇ ಆ ಕೈಯನ್ನು ಮೆಲ್ಲಗೆ ಎತ್ತಿ ಅವರ ಮಡಿಲಲ್ಲಿಟ್ಟರು.

"ಅವರು ಹೇಳೋಕೆ ಹೊರಟಿದ್ದು ಇದಲ್ಲ ಕಣಪ್ಪ," ಎಂದರು.

ವಾಪಸಾದಾಗ ಮೇಲಧಿಕಾರಿ ನನ್ನ ಮೇಜಿನ ಹತ್ತಿರವೇ ನಿಂತಿದ್ದರು. "ಆ ಒಂದು ಸಾಲು ಬಿಟ್ಟು ಓಡಿಸು. ಒಬ್ಬರಿಗೋಸ್ಕರ ಉಳಿದವರ ಉಸಿರು ಹಿಡಿಯೋಕಾಗಲ್ಲ. ಸಹಿ ನಾನು ಹಾಕ್ತೀನಿ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಭಾವನ ಸಾಲನ್ನು ಲೈಬ್ರರಿಗೆ ಕೊಡಬೇಡ ಎಂದು ಡೇಟಾಬೇಸ್‌ಗೆ ಬರೆದೆ. ಈ ಸಲ ಏನೂ ಕುಸಿಯಲಿಲ್ಲ. ಪಟ್ಟಿ ಸರಾಗವಾಗಿ ಬಂತು. ಮೊದಲ ಹೆಸರು ನನಗೆ ಗುರುತಿಲ್ಲದವರದು. ಅವರೂ ಯಾರಿಗೋ ಭಾವ ಇರಬಹುದು.

ಡಯಾಲಿಸಿಸ್ ಕೋಣೆಯಿಂದ ಅಕ್ಕ ಫೋನ್ ಮಾಡಿದಳು.

"ಕಿಡ್ನಿ ಬಂದಿದೆಯಂತೆ ಕಣೋ. ಇವರದು ಎಷ್ಟನೇದು?"

"ಪಟ್ಟಿ ಈಗ ಬಂತಕ್ಕ."

"ಅದನ್ನೇ ಕೇಳಿದ್ದು. ಕೊನೇದಾದ್ರೂ ಹೇಳು, ಬೇಜಾರಿಲ್ಲ. ಕಾಯೋದು ಇವರಿಗೇನು ಹೊಸದಾ?"

ಅವಳ ಹಿಂದೆ ಯಂತ್ರ ತಿರುಗುವ ಸದ್ದು, ಅದರಾಚೆ ಭಾವನ ಕೆಮ್ಮು. ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದೆ, ಭಾವನ ಹೆಸರು ಅಲ್ಲಿ ಇರದಂತೆ ಮಾಡಿದವನು ನಾನೇ ಆಗಿದ್ದರೂ.

"ಕೇಳಿಸ್ತಿದೆಯೇನೋ?" ಎಂದಳು ಅಕ್ಕ.

ಕೇಳಿಸುತ್ತಿತ್ತು.