ಮೂವತ್ತಾರು ಗಂಟೆಯ ಕಾಗದ

ಎಲ್ಲೋ ಲಾರಿಗೆ ಕೊಬ್ಬರಿ ಚೀಲ ಎತ್ತಿ ಹಾಕುತ್ತಿದ್ದಾರೆ, ಧೊಪ್, ಧೊಪ್, ಕಿಟಕಿ ಮುಚ್ಚಿದ್ದರೂ ತಿಪಟೂರಿನ ಈ ಸದ್ದು ಆಸ್ಪತ್ರೆಯ ಆಫೀಸಿನೊಳಗೆ ಬಂದೇ ಬರುತ್ತದೆ, ಇಂಪನಾಳ ಮುಂದೆ ಮೇಜಿನ ಮೇಲೆ ಆರು ಪುಟದ ಕರಾರು, ಕೊನೆಯ ಪುಟದಲ್ಲಿ ಅವಳ ಹೆಸರು, ಹೆಸರಿನ ಮೇಲೆ ಖಾಲಿ ಜಾಗ — ಇವತ್ತು ಸಂಜೆ ನಾಲ್ಕರೊಳಗೆ ಸಹಿ ಹಾಕದ ಕಿರಿಯ ಡಾಕ್ಟರುಗಳು ನಾಳೆಯಿಂದ ಬರಬೇಕಿಲ್ಲವಂತೆ, ಆಡಳಿತದವರು ಎಷ್ಟು ಸಲೀಸಾಗಿ ಹೇಳಿಬಿಟ್ಟರು, ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿ ಇನ್ನು ಮೂವತ್ತಾರು, ಕೇಳಿದವರಿಲ್ಲ, ಕೂತು ಮಾತಾಡಿದವರಿಲ್ಲ, ತಪ್ಪಾದರೆ ಮಾತ್ರ ಪೂರ್ತಿ ಹೊಣೆ ಡಾಕ್ಟರದೇ ಎಂದು ಐದನೇ ಪುಟದಲ್ಲಿದೆ, ಅಷ್ಟರಮಟ್ಟಿಗೆ ಧಾರಾಳಿಗಳು. ಹೊರಗೆ ಅವಳ ಜೊತೆಯ ಹತ್ತು ಜನ ಡಾಕ್ಟರುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಕೂತಿದ್ದಾರೆ, ಅವರಲ್ಲೊಬ್ಬ ಭುವನ್, ಆಗಲೇ ಬಾಗಿಲಲ್ಲಿ ಇಣುಕಿ, ನೀನು ಹಾಕಿದ್ರೆ ನಾವೂ ಹಾಕ್ಬುಡ್ತೀವಿ ಕಣೇ, ಅಂದು ಹೋದ, ಅವನ ದನಿಯಲ್ಲಿ ಕೋಪವೇ ಇರಲಿಲ್ಲ, ಬರೀ ನಿದ್ದೆ. ಹಾಕದಿದ್ದರೆ ನಾಳೆ ಮೂರನೇ ಮಂಚದ ರಾಮಲಕ್ಷ್ಮಮ್ಮನ ಕಾಲಿನ ಗಾಯ ಬಿಚ್ಚಿ ಕಟ್ಟುವವರು ಯಾರು, ಕಂದಿಕೆರೆಯ ಆ ಅಜ್ಜಿ ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ, ಇಂಪನಾ ಬಂದರೆ ಮಾತ್ರ ಕೇಳುವ ಮೊದಲೇ ಸೂಜಿಗೂ ತೋಳು ಚಾಚುತ್ತಾಳೆ, ಸೆರಗಿನ ಗಂಟು ಬಿಚ್ಚಿ ಕೊಬ್ಬರಿ ಚೂರು, ಬೆಲ್ಲ ಕೊಡುತ್ತಾಳೆ, ಸಕ್ಕರೆ ಕಾಯಿಲೆಯವಳ ಗಂಟಿನಲ್ಲಿ ಬೆಲ್ಲ ಎಲ್ಲಿಂದ ಬಂತು ಎಂದು ಗದರಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ, ಆ ಮುಖ ಕಂಡರೆ ಇಂಪನಾಳಿಗೆ ಎಲ್ಲಿಲ್ಲದ ಪ್ರೀತಿ.

ಅದೇ ಅಜ್ಜಿ — ಮೊನ್ನೆ ಬೆಳಿಗ್ಗೆ, ಡ್ಯೂಟಿಯ ಇಪ್ಪತ್ತಮೂರನೇ ಗಂಟೆ, ನಿರ್ಮಲಾ ಸಿಸ್ಟರ್ ಪಕ್ಕದ ವಾರ್ಡಿಗೆ ಓಡಿದ್ದರು, ಇಂಜೆಕ್ಷನ್ ತಾನೇ ಕೊಡೋಣ ಎಂದು ಟ್ರೇಯಿಂದ ಪುಟ್ಟ ಬಾಟಲಿ ಎತ್ತಿಕೊಂಡಳು, ಪುಡಿಗೆ ನೀರು ಬೆರೆಸಿ ಕುಲುಕಬೇಕು, ಕುಲುಕಿದಳು, ಕುಲುಕಿ ಕಿವಿಯ ಹತ್ತಿರ ಹಿಡಿದಳು, ಹಿಡಿದು ಕಾದಳು — ಊರಿನ ಮನೆಯಲ್ಲಿ ಅಪ್ಪ ಏಣಿಯ ಮೇಲಿದ್ದಾನೆ, ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಗಳನ್ನು ಬಗ್ಗಿ ಒಂದೊಂದಾಗಿ ಅವಳ ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅಂದರೆ ಒಡೆಯಬಹುದು, ಅನ್ನದಿದ್ದರೆ ಇನ್ನೂ ಹಸಿ, ವಾಪಸ್ ಅಟ್ಟಕ್ಕೆ, ವ್ಯಾಪಾರಿ ಲಾರಿ ತಂದು ನಿಲ್ಲಿಸಿಕೊಂಡು ಎಷ್ಟೇ ಅವಸರ ಮಾಡಲಿ, ಕೇಳುಸ್ತಾ ಮಗಾ, ಇಲ್ಲಪ್ಪ, ಹಂಗಾದ್ರೆ ಬುಡು — ಡಾಕ್ಟ್ರೇ, ಏನ್ ಕೇಳುಸ್ಕೊಳ್ತಾ ಇದೀರಾ, ಎನ್ನುತ್ತಾ ನಿರ್ಮಲಾ ಸಿಸ್ಟರ್ ಬಂದು ಅವಳ ಮಣಿಕಟ್ಟು ಹಿಡಿದರು, ಮೆಲ್ಲಗೆ ಬಾಟಲಿ ಬಿಡಿಸಿಕೊಂಡು ಮೇಲಿನ ಹೆಸರು ತೋರಿಸಿದರು. ಪಕ್ಕದ ಮಂಚದವರಿಗೆ ತರಿಸಿದ್ದ ಪೆನಿಸಿಲಿನ್. ರಾಮಲಕ್ಷ್ಮಮ್ಮನಿಗೆ ಅದು ಆಗಿಬರುವುದಿಲ್ಲ, ಕೊಟ್ಟರೆ ಜೀವಕ್ಕೇ ಕುತ್ತು ಎಂದು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದವಳು ಇಂಪನಾಳೇ. ಸಿಸ್ಟರ್ ಯಾರಿಗೂ ಹೇಳಲಿಲ್ಲ, ಕಾಫಿ ತಂದುಕೊಟ್ಟು ತಲೆ ಸವರಿದರು, ಅಜ್ಜಿಗೆ ಏನೂ ಗೊತ್ತಿಲ್ಲ, ತೋಳು ಚಾಚಿಕೊಂಡೇ ಕೂತಿದ್ದಳು, ಚುಚ್ಚವ್ವ, ನಿನ್ ಸೂಜಿ ನೋಯಾಕಿಲ್ಲ.

ನೋಯಾಕಿಲ್ಲ, ನೋಯಾಕಿಲ್ಲ — ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ, ಪೆನ್ನು ಬೆರಳಲ್ಲೇ ಇದೆ, ಇಪ್ಪತ್ತಮೂರನೇ ಗಂಟೆಗೇ ಬಾಟಲಿಯಲ್ಲಿ ಕೊಬ್ಬರಿಯ ಸದ್ದಿಗೆ ಕಾದವಳು ಮೂವತ್ತೈದನೇ ಗಂಟೆಗೆ ಯಾರ ಕೈಗೆ ಏನು ಚುಚ್ಚಿಯಾಳು, ಮಣಿಕಟ್ಟು ಹಿಡಿಯಲು ಸಿಸ್ಟರ್ ದಿನವೂ ಬರುತ್ತಾರೆಯೇ, ಅವರಿಗೂ ಕಾಲು ಎರಡೇ, ನಾನಿಲ್ಲದಿದ್ದರೆ ಅಜ್ಜಿಗೆ ಯಾರು ಎಂದು ಬೆಳಗಿನಿಂದ ಹಲುಬುತ್ತಿದ್ದಾಳೆ, ನಾನಿದ್ದರೆ ಅಜ್ಜಿಯನ್ನು ನನ್ನಿಂದ ಕಾಯುವವರು ಯಾರು. ಪೆನ್ನಿಗೆ ಮುಚ್ಚಳ ಹಾಕುತ್ತಾಳೆ, ಖಾಲಿ ಜಾಗ ಖಾಲಿಯೇ ಇರಲಿ, ಹೊರಗೆ ಹೋಗಿ ಭುವನ್ ಪಕ್ಕ ಕೂರಬೇಕು, ಮೊನ್ನೆಯದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು, ಹೇಳಿದರೆ ಅಜ್ಜಿ ಇನ್ನು ಮುಟ್ಟಗೊಡುವಳೋ ಇಲ್ಲವೋ, ಅವಳಿಗೂ ಹೇಳಬೇಕು, ಮೊದಲು ಅವಳಿಗೇ, ಏನೆಂದು ಶುರು ಮಾಡುವುದು, ಅಜ್ಜೀ, ಮೊನ್ನೆ ನಾನು — ಮೊನ್ನೆ ನಾನು — ಚಾಚಿದ ತೋಳು, ಸುಕ್ಕುಗಟ್ಟಿದ ಬರಿ ತೋಳು, ಕಿವಿಯ ಹತ್ತಿರ ಬಾಟಲಿ, ಚಾಚಿದ ತೋಳು