ಮುರಿಯದೆ ಬಗ್ಗಿಸುವುದು

"ಕತ್ತರಿಸಿ. ಎಲ್ಲದರ ತುದೀನೂ ಒಂದೊಂದು ಗೇಣು ಕತ್ತರಿಸಿಬಿಡಿ" ಎಂದ ಹೆನ್ನಿ.

ಮಾಲೆಫಾ ಕತ್ತರಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿ ಕೈಕಟ್ಟಿ ನಿಂತಳು.

ಔಷಧಿಗೆಂದು ಗಾಂಜಾ ಬೆಳೆಯಲು ಪರವಾನಗಿ ಪಡೆದ ಕಂಪನಿ ಅದು. ಮೂರನೇ ಕೋಣೆಯಲ್ಲಿ ನಾನೂರು ಗಿಡಗಳಿದ್ದವು. ಹೂ ಹಿಡಿಯಲು ಶುರುವಾಗಿ ಮೂರನೇ ವಾರ. ಮೊಣಕಾಲೆತ್ತರ ಇದ್ದಾಗಲೇ ಅವನ್ನು ಈ ಕೋಣೆಗೆ ತಂದು, ಬೆಳಕನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸಬೇಕಿತ್ತು. ಆದರೆ ಹಿಂದಿನ ಬೆಳೆಯ ಪೆಟ್ಟಿಗೆಗಳು ರಫ್ತಿನ ಕಾಗದ ಬಾರದೆ ಇಲ್ಲೇ ಕೂತಿದ್ದವು. ಅವು ತೊಲಗುವಷ್ಟರಲ್ಲಿ ಗಿಡಗಳು ಸೊಂಟದೆತ್ತರಕ್ಕೆ ಬಂದಿದ್ದವು. ಹೂ ಹಿಡಿಯುವ ಮೊದಲ ವಾರಗಳಲ್ಲಿ ಈ ಗಿಡ ಹದಿನಾರರ ಹುಡುಗರ ಹಾಗೆ ನೋಡನೋಡುತ್ತಿದ್ದಂತೆ ಎದ್ದುಬಿಡುತ್ತದೆ. ಈಗ ತುದಿಗೂ ದೀಪಕ್ಕೂ ನಡುವೆ ನಾಲ್ಕು ಬೆರಳು ಜಾಗ. ದೀಪದ ಸರಪಳಿಗಳನ್ನು ಆಗಲೇ ಸೂರಿಗೆ ತಾಗುವಷ್ಟು ಎಳೆದಾಗಿತ್ತು. ಮೇಲಿನ ಎಲೆಗಳು ಕಾದ ಹಂಚಿಗೆ ಹಾಕಿದ ಹಪ್ಪಳದಂತೆ ಅಂಚು ಮಡಚಿಕೊಂಡಿದ್ದವು.

"ಈಗ ಕತ್ತರಿಸಿದ್ರೆ ಉಳಿಯೋದೇನು ನ್ತಾತೆ?" ಎಂದಳು ಮಾಲೆಫಾ. "ಒಳ್ಳೆ ಹೂವೆಲ್ಲ ತುದೀಲೇ ಇರೋದು. ತಲೆ ತೆಗೆದು ಆಮೇಲೆ ಟೋಪಿ ಹೊಲಿಸ್ತೀರಾ?"

ಬೆಳೆಯ ಉಸ್ತುವಾರಿ ನೋಡುವ ಹೆನ್ನಿ ಗಡಿಯಾಚೆಯ ಹೊಲವೊಂದರಲ್ಲಿ ಹುಟ್ಟಿ ಬೆಳೆದ ಬಿಳಿಯ. ಇಲ್ಲಿನ ಸೆಸೊತೊ ಭಾಷೆಯನ್ನು ಈ ಹೆಂಗಸರಂತೆಯೇ ಮಾತಾಡುತ್ತಿದ್ದ, ಇವರಂತೆಯೇ ಬೈಯುತ್ತಿದ್ದ; ಇವರೂ ಅವನನ್ನು ಊರ ಗಂಡಸರನ್ನು ಕರೆದಂತೆ ನ್ತಾತೆ, ಅಂದರೆ ಅಪ್ಪ, ಎನ್ನುತ್ತಿದ್ದರು. "ಸುಟ್ಟು ಬೂದಿಯಾಗೋದಕ್ಕಿಂತ ಅರ್ಧ ಬೆಳೆ ವಾಸಿ ಅವ್ವ. ನಿಮಗೆ ಬೇರೆ ದಾರಿ ಗೊತ್ತಿದ್ರೆ ಹೇಳಿ."

ಮಾಲೆಫಾ ಕೈಗವಸು ಕಳಚಿದಳು. ಒಂದು ಗಿಡದ ತುದಿಯಿಂದ ಗೇಣು ಕೆಳಗೆ, ಮೊದಲು ಎಡ ಅಂಗೈಯನ್ನು ಕೂಸಿನ ಕತ್ತಿಗೆ ಆಸರೆ ಕೊಟ್ಟಂತೆ ಕಾಂಡದ ಹಿಂದೆ ಇಟ್ಟಳು. ಆಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದಳು, ಬತ್ತಿಯಂತೆ ಹೊಸೆದಳು. ಒಳಗಿನ ತಿರುಳು ಸದ್ದಿಲ್ಲದೆ ಸೋತಿತು. ಹೊರಗಿನ ಸಿಪ್ಪೆ ಹಾಗೇ ಇತ್ತು. ಮೆಲ್ಲಗೆ ಪಕ್ಕಕ್ಕೆ ಬಾಗಿಸಿದಾಗ ತುದಿ ಹೋಗಿ, ಗಿಡಗಳ ಆಸರೆಗೆ ಅಡ್ಡಲಾಗಿ ಕಟ್ಟಿದ್ದ ಬಲೆಯ ಮೇಲೆ ಮಲಗಿತು. ದೀಪಕ್ಕೂ ಅದಕ್ಕೂ ಈಗ ಒಂದು ಮೊಳ ಅಂತರ.

"ವಾರದೊಳಗೆ ಇಲ್ಲಿ ಗಂಟು ಕಟ್ಟುತ್ತೆ. ಆಮೇಲೆ ಮೊದಲಿಗಿಂತ ಗಟ್ಟಿ" ಎಂದಳು.

ಹೆನ್ನಿ ಪಕ್ಕದ ಗಿಡ ಹಿಡಿದ. ಲಟಕ್ಕೆಂದು ಮುರಿದು ತುದಿ ಅವನ ಕೈಯಲ್ಲೇ ಉಳಿಯಿತು.

"ನ್ತಾತೆ ಟ್ರ್ಯಾಕ್ಟರ್ ಗೇರ್ ಹಾಕ್ದಂಗೆ ಹಾಕಿದ್ರು!" ಎಂದು ಹಿಂದಿನ ಸಾಲಿನಿಂದ ಕೆನೆವೆ ಕಿಸಕ್ಕೆಂದಳು. ಬಾಯಿ ಸುಮ್ಮನಿರದ ಹುಡುಗಿ, ಮಾಲೆಫಾಳ ಊರಿನವಳೇ.

"ನೀನು ನಗ್ತಾ ಇರು. ಸಂಜೆಯೊಳಗೆ ಈ ಸಾಲು ನಿನ್ನದು" ಎಂದ ಹೆನ್ನಿ. ಆಮೇಲೆ ಮುರಿದ ತುದಿಯನ್ನು ತಿರುಗಿಸುತ್ತ ಮಾಲೆಫಾಳನ್ನು ಸ್ವಲ್ಪ ಹೊತ್ತು ನೋಡಿದ. "ಎಲ್ಲಿ ಕಲಿತಿರಿ ಅಂತ ನಾನು ಕೇಳಲ್ಲ."

"ಕೇಳ್ಬೇಡಿ" ಎಂದಳು ಅವಳು.

ಕೇಳದಿರುವುದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರುವ ದಿನ ಪ್ರತಿಯೊಬ್ಬರೂ ಒಂದು ಹಾಳೆಗೆ ಸಹಿ ಹಾಕಿದ್ದರು: ನಾನು ಈ ಗಿಡವನ್ನು ಹಿಂದೆ ಎಂದೂ ಬೆಳೆದಿಲ್ಲ, ಸಾಗಿಸಿಲ್ಲ, ಮಾರಿಲ್ಲ. ಪರವಾನಗಿಯ ಷರತ್ತು ಅದು. ಆ ಕಣಿವೆಯಲ್ಲಿ ಆ ಹಾಳೆಗೆ ಸುಳ್ಳಾಗದಂತೆ ಸಹಿ ಹಾಕಬಲ್ಲವರೆಂದರೆ ಮಿಷನ್ನಿನ ಪಾದ್ರಿ ಒಬ್ಬರೇ. ಅವರಿಗೆ ಕೆಲಸ ಬೇಕಿರಲಿಲ್ಲ.

ಎರಡು ದಿನ ಮಾಲೆಫಾ, ಕೆನೆವೆ ಮತ್ತು ಇನ್ನಿಬ್ಬರು ಬಗ್ಗಿಸಿದರು. ಹೆನ್ನಿಯೂ ಮಾಲೆಫಾಳ ಪಕ್ಕ ನಿಂತು ಹನ್ನೆರಡು ಗಿಡ ಮುರಿದು, ಹದಿಮೂರನೆಯದನ್ನು ಮುರಿಯದೆ ಬಗ್ಗಿಸಿದ. ಮಕ್ಕಳ ಹಾಗೆ ಕುಣಿದ. ಮೂರನೇ ದಿನ ಬೆಳಿಗ್ಗೆ ಬಂದು ನೋಡಿದರೆ ಮಲಗಿದ್ದ ತುದಿಗಳೆಲ್ಲ ಮತ್ತೆ ಮುಖ ಮೇಲೆತ್ತಿದ್ದವು. ಆದರೆ ಎಲ್ಲವೂ ಒಂದೇ ಮಟ್ಟದಲ್ಲಿ, ಯಾರೋ ದಾರ ಹಿಡಿದು ಅಳೆದಂತೆ.

ಸೂಪರ್‌ವೈಸರ್ ಪುಸೆಲೆಟ್ಸೊ ಮಾಲೆಫಾಳನ್ನು ಪಕ್ಕಕ್ಕೆ ಕರೆದು, "ಈ ಬೆಳೆ ಕುಯ್ದ ದಿನ ನಿಮ್ಮ ಕೆಲಸ ಕಾಯಂ ಆಗುತ್ತೆ ಅವ್ವ. ನ್ತಾತೆ ಹೆನ್ನಿ ಬರೆದು ಕಳಿಸಿದ್ದಾರೆ" ಎಂದಳು.

ಕಾಯಂ ಎಂದರೆ ಮತ್ತೆ ಗಡಿ ದಾಟಬೇಕಾಗಿಲ್ಲ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಮಾಲೆಫಾ ಬ್ಲೂಮ್‌ಫಾಂಟೈನಿನ ಒಂದು ಮನೆಯ ಹಿತ್ತಲಿನ ಕೋಣೆಯಲ್ಲಿದ್ದು ಬೇರೆಯವರ ಬಟ್ಟೆ ಒಗೆದಿದ್ದಳು. ತನ್ನ ಮನೆಯ ಚಾವಣಿ ಬಿದ್ದದ್ದೂ ಅವಳಿಗೆ ತಿಂಗಳ ಮೇಲೆ ತಿಳಿದಿತ್ತು. ಈಗ ಆ ಚಾವಣಿಗೆ ಹೊಸ ತಗಡು ಹಾಕಿಸಿದ್ದಳು. ದಿನವೂ ಸಂಜೆ ತನ್ನ ಒಲೆಯಲ್ಲೇ ಜೋಳದ ಮುದ್ದೆ ತಿರುವುತ್ತಿದ್ದಳು. ಅವಳಿಗೆ ಬೇಕಾದದ್ದು ಅಷ್ಟೇ.

ಹತ್ತು ದಿನದ ಮೇಲೆ ಜರ್ಮನಿಯ ಖರೀದಿದಾರರ ಕಡೆಯಿಂದ ತಪಾಸಣೆಗೆ ಒಬ್ಬ ಬಂದ. ಬಿಳಿ ಕೋಟು, ತಲೆಗೆ ನೀಲಿ ಟೋಪಿ, ನಗುಮುಖದ ಉದ್ದನೆಯ ಮನುಷ್ಯ. "ಯಾರೂ ಬಾಯಿ ಬಿಡ್ಬೇಡಿ" ಎಂದು ಪುಸೆಲೆಟ್ಸೊ ಬೆಳಿಗ್ಗೆಯೇ ಹೇಳಿದ್ದಳು. "ಕೆನೆವೆ, ನಿನಗೇ ಹೇಳಿದ್ದು."

"ನಾನು ಸತ್ತ ಕೋಳಿ" ಎಂದಳು ಕೆನೆವೆ.

ಆ ಮನುಷ್ಯ ಮೂರನೇ ಕೋಣೆಯ ಬಾಗಿಲಲ್ಲಿ ನಿಂತು ಸಿಳ್ಳೆ ಹಾಕಿದ. ಮೇಜಿನ ಹಾಗೆ ಸಮವಾಗಿದೆ, ಇಷ್ಟು ತಡವಾಗಿ ಕೋಣೆಗೆ ಬಂದ ಗಿಡಗಳನ್ನು ಹೀಗೆ ಹಿಡಿದಿಟ್ಟದ್ದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮಾಲೆಫಾ ನಾಲ್ಕು ಹೆಜ್ಜೆ ಆಚೆ ಬಗ್ಗಿ ಕೆಳಗಿನ ಎಲೆ ಕೀಳುತ್ತಿದ್ದಳು. ಒಂಬತ್ತು ವರ್ಷ ಬಟ್ಟೆ ಒಗೆದ ಮನೆಯಲ್ಲಿ ಅವಳು ಇಂಗ್ಲಿಷನ್ನೂ ಕಲಿತಿದ್ದಳು.

"ನನ್ನದೇ ವಿಧಾನ" ಎಂದ ಹೆನ್ನಿ. "ಒಂದಷ್ಟು ಓದಿದೆ, ಒಂದಷ್ಟು ಮಾಡಿ ನೋಡಿದೆ. ಈ ಹೆಂಗಸರಿಗೆ ಕಲಿಸೋದಕ್ಕೆ ಎರಡು ತಿಂಗಳು ಹಿಡೀತು. ಪಾಪ, ಇಲ್ಲಿಗೆ ಬರೋ ಮುಂಚೆ ಇವರು ಈ ಗಿಡವನ್ನೇ ನೋಡಿರಲಿಲ್ಲ."

ಮಾಲೆಫಾ ಎಲೆ ಕೀಳುತ್ತಲೇ ಇದ್ದಳು. ಬಿಳಿಯರು ಇಂಥದ್ದನ್ನು ಹೇಳುವುದು ಅವಳಿಗೆ ಹೊಸದಲ್ಲ. ಹೇಳಿಕೊಳ್ಳಲಿ, ನನ್ನ ಮನೆಯ ತಗಡು ಅವನ ಬಾಯಿಮಾತಿಗೆ ಹಾರಿಹೋಗುವುದಿಲ್ಲ ಎಂದುಕೊಂಡಳು.

ಆದರೆ ಹೆನ್ನಿ ತೋರಿಸಲು ಒಂದು ರೆಂಬೆ ಹಿಡಿದ. ಮೊದಲು ಎಡ ಅಂಗೈಯನ್ನು ಕಾಂಡದ ಹಿಂದೆ ಇಟ್ಟ.

ಆ ಅಂಗೈ ಅವಳ ಗಂಡ ಪಿತ್ಸೊನದು. ಮದುವೆಯಾದ ಮೊದಲ ವರ್ಷ, ಬೆಟ್ಟದ ಇಳಿಜಾರಿನ ಜೋಳದ ಸಾಲುಗಳ ನಡುವೆ, ಪಿತ್ಸೊ ತನ್ನ ಕೈಯನ್ನು ಅವಳ ಕೈಯ ಕೆಳಗಿಟ್ಟು ಕಲಿಸಿದ್ದ. ಎದುರು ಬೆಟ್ಟದ ಮೇಲೆ ಕುದುರೆ ನಿಲ್ಲಿಸಿ ದುರ್ಬೀನು ಹಿಡಿಯುವ ಪೊಲೀಸರಿಗೆ ಕಾಣದಂತೆ ಒಂದೊಂದು ಗಿಡವೂ ಜೋಳದ ತೆನೆಗಿಂತ ತಗ್ಗಿನಲ್ಲೇ ಹೂ ಬಿಡಬೇಕಿತ್ತು. ಹೊಲದಲ್ಲಿ ಅವರು ಎಂದೂ ಸಿಕ್ಕಿಬೀಳಲಿಲ್ಲ. ಕತ್ತೆಗಳ ಮೇಲೆ ಮೂಟೆ ಹೇರಿಕೊಂಡು ಗಡಿ ದಾಟುವಾಗ ಪಿತ್ಸೊ ಸಿಕ್ಕಿಬಿದ್ದ. ಆಚೆಯ ಜೈಲಿನಲ್ಲಿ ನಾಲ್ಕು ವರ್ಷ. ಬಂದದ್ದು ಕೆಮ್ಮು ಹೊತ್ತುಕೊಂಡು. ಮುಂದಿನ ಚಳಿಗಾಲವನ್ನು ಅವನು ದಾಟಲಿಲ್ಲ.

"ಅದು ನನ್ನ ಗಂಡನ ಕೈಕೆಲಸ" ಎಂದಳು ಮಾಲೆಫಾ. ಇಂಗ್ಲಿಷಿನಲ್ಲಿ, ನೆಟ್ಟಗೆ ನಿಂತು.

ಪುಸೆಲೆಟ್ಸೊ ಕಣ್ಣು ಮುಚ್ಚಿಕೊಂಡಳು.

"ಏನಂದ್ರಿ?" ಎಂದ ಆ ಮನುಷ್ಯ ಆಸಕ್ತಿಯಿಂದ.

"ಪಿತ್ಸೊ ಅಂತ. ಬೆಟ್ಟದಲ್ಲಿ ಹೀಗೇ ಬಗ್ಗಿಸ್ತಿದ್ದ. ನಾನೂ ಬಗ್ಗಿಸ್ತಿದ್ದೆ, ಹದಿನೇಳು ವರ್ಷ. ಇವರಿಗೆ ನಾನು ಕಲಿಸಿದ್ದು."

ಅವನು ನಗುತ್ತಲೇ ಜೇಬಿನಿಂದ ಸಣ್ಣ ಪುಸ್ತಕ ತೆಗೆದ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳುವಿರಾ ಎಂದು ಕೇಳಿದ. ಮಾಲೆಫಾ ಒಂದೊಂದಾಗಿ ಹೇಳಿದಳು. ಗಂಡನ ಹೆಸರನ್ನು ಯಾರಾದರೂ ಗೌರವದಿಂದ ಬರೆದುಕೊಂಡದ್ದು ಅವಳು ನೋಡಿದ್ದು ಅದೇ ಮೊದಲು. ಅವನು ವಂದನೆ ಹೇಳಿ ನಾಲ್ಕನೇ ಕೋಣೆಗೆ ಹೋದ.

ಮಾರನೇ ದಿನ ಮಧ್ಯಾಹ್ನ ಊಟವಾದ ಮೇಲೆ ಕಚೇರಿಗೆ ಕರೆ ಬಂತು. ಹೆನ್ನಿ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಕೆಲಸದಿಂದ ತೆಗೆದ ಕಾಗದ ಪುಸೆಲೆಟ್ಸೊಳ ಮುಂದಿತ್ತು.

"ನೀವಂದದ್ದನ್ನ ಅವರು ವರದೀಲಿ ಬರೆದುಬಿಟ್ಟಿದ್ದಾರೆ ಅವ್ವ" ಎಂದಳು ಪುಸೆಲೆಟ್ಸೊ. "ಸುಳ್ಳು ಸಹಿ ಹಾಕಿದವರನ್ನ ಇಟ್ಕೊಂಡ್ರೆ ಪರವಾನಗಿಗೇ ತೊಂದರೆ. ಸುಮ್ಮನಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಿನ್ನ ಅಪ್ಪ ಯಾವ ಬೆಳೆ ಮಾರಿ ನಿನ್ನನ್ನ ಕಾಲೇಜಿಗೆ ಕಳಿಸಿದ ಮಗಳೇ?"

ಪುಸೆಲೆಟ್ಸೊ ಕಾಗದದ ಮೂಲೆಯನ್ನು ಉಗುರಿನಿಂದ ತೀಡಿದಳು.

"ನಿಮ್ಮನ್ನ ಉಳಿಸೋಕೇ ಹಾಗಂದೆ" ಎಂದ ಹೆನ್ನಿ, ತಿರುಗದೆ. "ಈ ಗಿಡ ನೋಡೇ ಇಲ್ಲ ಅಂತ ನಾನು ಹೇಳಿದ್ದು ಯಾರಿಗೋಸ್ಕರ? ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?"

ಇದು ನಿಜವಿರಬಹುದು ಎಂದು ಮಾಲೆಫಾಳಿಗೆ ಆಗ ಹೊಳೆಯಿತು. ಪೂರ್ತಿ ಅಲ್ಲದಿದ್ದರೂ ಅರ್ಧ.

"ಅಷ್ಟೇ ಹೇಳಿದ್ರೆ ಸಾಕಾಗಿತ್ತು ನ್ತಾತೆ" ಎಂದಳು. "ನಿಮ್ಮದೇ ವಿಧಾನ ಅನ್ನೋದು ಯಾಕೆ ಬೇಕಿತ್ತು?"

ಅವನು ಕಿಟಕಿ ಬಿಟ್ಟು ಈಚೆ ತಿರುಗಿ, ಎರಡನೇ ಕೋಣೆಯ ಗಿಡಗಳೂ ಏಳುತ್ತಿವೆ, ನಾಲ್ಕು ಗಂಟೆಯವರೆಗೆ ಸಂಬಳ ಇದ್ದೇ ಇದೆ, ಹೊಸ ಹುಡುಗಿಯರಿಗೆ ಒಂದಿಷ್ಟು ತೋರಿಸಿ ಹೋಗಲು ಆಗುತ್ತದೆಯೇ ಎಂದು ಕೇಳಿದ.

ಮಾಲೆಫಾ ನಕ್ಕಳು. ಆದರೂ ಹೋದಳು. ಹೋಗದಿದ್ದರೆ ಆ ಹುಡುಗಿಯರು ಲಟಲಟ ಮುರಿಯುತ್ತಿದ್ದರು, ಅದನ್ನು ಅವಳು ತಾಳಲಾರಳು. ಕೈಗವಸು ತೆಗೆಸಿ ಆರು ಜನರ ಬೆರಳು ಹಿಡಿದು ಒತ್ತಿಸಿದಳು. ನಾಲ್ಕು ಗಂಟೆಗೆ ಏಪ್ರನ್, ಕತ್ತರಿ ಮತ್ತು ಕೊರಳಲ್ಲಿದ್ದ ಕಂಪನಿಯ ಕಾರ್ಡು ಗೇಟಿನವನ ಕೈಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿ ಪಕ್ಕದಲ್ಲಿ ಹೆಬ್ಬೆರಳು ಒತ್ತಿದಳು. ಬೆರಳು ಅಂಟಾಗಿತ್ತು, ಹಾಳೆ ಅದರ ಜೊತೆಗೇ ಎದ್ದುಬಂತು.

ಊರಿಗೆ ಹೋಗುವ ವ್ಯಾನಿನಲ್ಲಿ ಮಾಲೆಫಾ ಸೇರಿ ಹನ್ನೊಂದು ಹೆಂಗಸರು ಇದ್ದರು. ನದಿಯ ಸೇತುವೆಯ ಹತ್ತಿರ ಪೊಲೀಸರು ರಸ್ತೆಗೆ ಅಡ್ಡ ಹಾಕಿದ್ದರು. ಎಳೆಯ ಪೇದೆಯೊಬ್ಬ ಬಾಗಿಲು ಸರಿಸಿ ತಲೆ ಒಳಗೆ ಹಾಕಿ ಮೂಗು ಅರಳಿಸಿದ. "ಅಬ್ಬಾ! ಏನ್ರವ್ವ, ಕೋಣೇನೇ ಹೊತ್ತು ತಂದಿದ್ದೀರಾ? ಕಾರ್ಡು ತೋರಿಸಿ."

ಹತ್ತು ಕಾರ್ಡುಗಳು ಮೇಲೆದ್ದವು. ಕಾರ್ಡಿದ್ದರೆ ಆ ವಾಸನೆ ಕಂಪನಿಯದು, ಇಲ್ಲದಿದ್ದರೆ ಕಳ್ಳಮಾಲಿನದು.

"ನಿಮ್ಮದು?"

"ಇಲ್ಲಪ್ಪ."

"ಇಳೀರಿ ಕೆಳಗೆ."

ಕೆನೆವೆ ಏನೋ ಹೇಳಲು ಎದ್ದಳು. ಪಕ್ಕದವಳು ಅವಳ ಲಂಗ ಹಿಡಿದು ಕೂರಿಸಿದಳು.

ಪೇದೆ ಕೈ ನೀಡಲು ಹೇಳಿದ. ಮಾಲೆಫಾ ಎರಡೂ ಕೈ ನೀಡಿದಳು. ಅವನು ಬಗ್ಗಿ ಮೂಸಿದ. ಬೆರಳುಗಳು ಕಪ್ಪಗೆ ಅಂಟಂಟಾಗಿದ್ದವು. ಸೋಪಿಗೆ ಹೋಗುವ ಅಂಟಲ್ಲ ಅದು, ಎಣ್ಣೆ ಬೇಕು. "ಕಂಪನಿಯವರಾ?" ಎಂದ ಅವನು ಅನುಮಾನದಿಂದ.

"ನಾಲ್ಕು ಗಂಟೆವರೆಗೆ ಆಗಿದ್ದೆ."

"ಹೀಗೇ ನಿಂತಿರಿ. ಸಾಹೇಬರನ್ನ ಕೇಳ್ಕೊಂಡು ಬರ್ತೀನಿ."

ಅವನು ಸೇತುವೆಯ ಆಚೆಗಿದ್ದ ಜೀಪಿನ ಕಡೆ ಹೋದ. ಡ್ರೈವರ್ ಸ್ವಲ್ಪ ಹೊತ್ತು ಕಾದು, ಗಡಿಯಾರ ನೋಡಿ, ಗೇರ್ ಹಾಕಿದ. ವ್ಯಾನು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾಯಿತು. ನದಿಯ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಹೊದ್ದ ಕಂಬಳಿ ಹೆಗಲಿನಿಂದ ಜಾರಿ ಒಂದು ಮೂಲೆ ರಸ್ತೆಗೆ ತಾಗಿತು. ಮಾಲೆಫಾ ಅದನ್ನು ಎಳೆದುಕೊಳ್ಳಲಿಲ್ಲ. ಯಾರೂ ಕೈ ಇಳಿಸಲು ಹೇಳಿರಲಿಲ್ಲ. ಅವಳು ಎರಡೂ ಕೈಗಳನ್ನು ಮುಂದೆ ಚಾಚಿಕೊಂಡೇ ನಿಂತಿದ್ದಳು.